ಗಲ್ಲಾಪೆಟ್ಟಿಗೆಗೆ ಕೈ ಹಾಕಿದ ಹುಡುಗ ಸಿಕ್ಕಿಬಿದ್ದ: ಕಂಬಕ್ಕೆ ಕಟ್ಟಿದ್ರೆ ಬುದ್ಧಿ ಬರುತ್ತಾ? ಬಾಲನ್ಯಾಯ ಮಂಡಳಿ, ವೀಕ್ಷಣಾಲಯ ಮಾಡೋ ಕೆಲಸವೇನು?

ಸಂತೆ ದಿನದ ಮಧ್ಯಾಹ್ನ. ಬಸ್ ಸ್ಟ್ಯಾಂಡ್ ಪಕ್ಕದ ಕಿರಾಣಿ ಅಂಗಡಿಯಲ್ಲಿ ಗಿರಾಕಿಗಳ ನೂಕುನುಗ್ಗಲು. ಮಾಲೀಕರು ಅಕ್ಕಿ ತೂಗೋಕೆ ಒಳಗೆ ಹೋದ ಎರಡೇ ನಿಮಿಷದಲ್ಲಿ 16 ವರ್ಷದ ಹುಡುಗನೊಬ್ಬ ಗಲ್ಲಾಪೆಟ್ಟಿಗೆಯಿಂದ ನೋಟು ಎತ್ತಿಕೊಂಡು ಓಡುತ್ತಾನೆ. ನಾಲ್ಕು ಅಂಗಡಿ ದಾಟುವಷ್ಟರಲ್ಲಿ ಸಿಕ್ಕಿಬೀಳುತ್ತಾನೆ. ತಪ್ಪಾಯ್ತು ಅನ್ನೋ ಬದಲು 'ಏನ್ ಮಾಡ್ಕೋತೀರಾ ಮಾಡ್ಕೊಳ್ಳಿ' ಅಂತ ಎದುರುತ್ತರ ಬೇರೆ. ಜನ ಸೇರುತ್ತಾರೆ. 'ಕಂಬಕ್ಕೆ ಕಟ್ಟಿ ನಾಲ್ಕು ಬಿಗೀರಿ, ಬುದ್ಧಿ ಬರುತ್ತೆ' ಅನ್ನೋರು ಒಬ್ಬರು. 'ವಿಡಿಯೋ ಮಾಡಿ ಗ್ರೂಪಿಗೆ ಹಾಕಿ, ಎಲ್ಲಾ ಅಂಗಡಿಯವರಿಗೂ ಮುಖ ಗೊತ್ತಾಗ್ಲಿ' ಅನ್ನೋರು ಇನ್ನೊಬ್ಬರು.

ಇದು ಕಲ್ಪಿತ ಉದಾಹರಣೆ. ಆದರೆ ಇಂಥ ದೃಶ್ಯ ಯಾವ ತಾಲೂಕಿನ ಪೇಟೆ ಬೀದಿಗೂ ಹೊಸದಲ್ಲ. ಮುಂದಿನ ಹತ್ತು ನಿಮಿಷದಲ್ಲಿ ಅಲ್ಲಿ ಎರಡು ವಿಷಯ ತೀರ್ಮಾನವಾಗುತ್ತವೆ. ಹಣ ಕಳೆದುಕೊಂಡ ಅಂಗಡಿಯವರು ದೂರುದಾರರಾಗಿಯೇ ಉಳಿಯುತ್ತಾರಾ, ಇಲ್ಲಾ ಆರೋಪಿಯಾಗುತ್ತಾರಾ ಅನ್ನೋದು ಒಂದು. ಆ ಹುಡುಗ ಇನ್ನೊಮ್ಮೆ ಕದಿಯುತ್ತಾನಾ, ಇಲ್ವಾ ಅನ್ನೋದು ಇನ್ನೊಂದು. ಎರಡನೆಯದು ಒಂದೇ ದಿನಕ್ಕೆ ತೀರ್ಮಾನ ಆಗಲ್ಲ ನಿಜ. ಆದರೆ ಅದರ ಬುನಾದಿ ಬೀಳುವುದು ಅಲ್ಲೇ.

ಮೊದಲ ಹತ್ತು ನಿಮಿಷ: ಅಂಗಡಿಯವರು ಏನು ಮಾಡಬೇಕು?

18 ವರ್ಷ ತುಂಬದವರೆಲ್ಲ ಕಾನೂನಿನ ಕಣ್ಣಲ್ಲಿ ಮಕ್ಕಳೇ. ಮೀಸೆ ಬಂದಿರಲಿ, ಎತ್ತರಕ್ಕೆ ಬೆಳೆದಿರಲಿ, ವ್ಯತ್ಯಾಸವಿಲ್ಲ. ತಪ್ಪು ಮಾಡಿದ ಮಕ್ಕಳ ವಿಚಾರಣೆ ನಡೆಯುವುದು 2015ರ ಬಾಲನ್ಯಾಯ (ಮಕ್ಕಳ ಪಾಲನೆ ಮತ್ತು ರಕ್ಷಣೆ) ಕಾಯ್ದೆಯಡಿ. ಈ ಕಾಯ್ದೆ ಅವರನ್ನು ಕಳ್ಳ, ಅಪರಾಧಿ ಅಂತ ಕರೆಯುವುದಿಲ್ಲ. 'ಕಾನೂನಿನೊಡನೆ ಸಂಘರ್ಷಕ್ಕೆ ಒಳಗಾದ ಮಗು' ಅನ್ನುತ್ತದೆ.

ಹುಡುಗ ಸಿಕ್ಕಿಬಿದ್ದರೆ ಒಂದು ಕಡೆ ಕೂರಿಸಿ 112ಕ್ಕೆ ಅಥವಾ ಹತ್ತಿರದ ಠಾಣೆಗೆ ಫೋನ್ ಮಾಡಬೇಕು. ಮಕ್ಕಳ ಸಹಾಯವಾಣಿ 1098ಕ್ಕೂ ತಿಳಿಸಬಹುದು. ಮನೆಯವರ ನಂಬರ್ ಸಿಕ್ಕರೆ ಅವರನ್ನೂ ಕರೆಸಬೇಕು. ಸಿಸಿಟಿವಿ ದೃಶ್ಯ ಇದ್ದರೆ ಅಳಿಸದೆ ಇಟ್ಟುಕೊಂಡು ಪೊಲೀಸರಿಗೆ ಮಾತ್ರ ಕೊಡಬೇಕು. ಎಷ್ಟು ಹಣ ಹೋಯ್ತು, ಎಷ್ಟು ಸಿಕ್ತು ಅನ್ನೋದನ್ನ ಆಗಲೇ ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ಹೊಡೆದರೆ ಕಥೆ ತಿರುಗಿಬೀಳುತ್ತದೆ. ಗಾಯ ಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ 115ನೇ ಕಲಂ, ಕಟ್ಟಿಹಾಕಿ ಕೂಡಿಹಾಕಿದರೆ 127ನೇ ಕಲಂ ಅನ್ವಯವಾಗುತ್ತದೆ. ಕದ್ದವನು ಹುಡುಗ ಅಂತ ಹೊಡೆದವರಿಗೆ ರಿಯಾಯಿತಿ ಸಿಗುವುದಿಲ್ಲ.

ವಿಡಿಯೋ ವಿಷಯ ಇನ್ನೂ ಗಂಭೀರ. ಬಾಲನ್ಯಾಯ ಕಾಯ್ದೆಯ 74ನೇ ಕಲಂ ಪ್ರಕಾರ ಇಂಥ ಮಗುವಿನ ಹೆಸರು, ವಿಳಾಸ, ಶಾಲೆ, ಫೋಟೋ, ಗುರುತು ಹತ್ತುವ ಯಾವುದನ್ನೂ ಪ್ರಕಟಿಸುವಂತಿಲ್ಲ. ಪತ್ರಿಕೆ, ಟಿವಿಗೆ ಮಾತ್ರ ಈ ನಿಯಮ ಅಂದುಕೊಂಡವರು ಬಹಳ. ಆದರೆ ಕಲಂನಲ್ಲಿ ಇತರ ಸಂವಹನ ರೂಪಗಳೂ ಸೇರಿವೆ. ಹಾಗಾಗಿ ವಾಟ್ಸಾಪ್ ಗ್ರೂಪಿಗೆ ಹಾಕಿದರೂ ತೊಂದರೆ ತಪ್ಪಿದ್ದಲ್ಲ. ಶಿಕ್ಷೆ 6 ತಿಂಗಳವರೆಗೆ ಜೈಲು, ಅಥವಾ 2 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಗಲ್ಲಾದಿಂದ ಹೋದ ದುಡ್ಡಿಗಿಂತ ಇದು ಎಷ್ಟು ಪಟ್ಟು ಹೆಚ್ಚು ಅಂತ ಲೆಕ್ಕ ಹಾಕಿಕೊಳ್ಳಬಹುದು.

ಠಾಣೆಗೆ ಕರ್ಕೊಂಡು ಹೋದ್ಮೇಲೆ ಏನಾಗುತ್ತೆ?

ಪ್ರತಿ ಠಾಣೆಯಲ್ಲೂ ಎಎಸ್‌ಐ ದರ್ಜೆಗೆ ಕಡಿಮೆ ಇಲ್ಲದ ಒಬ್ಬರು 'ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ' ಇರಬೇಕು. ಹುಡುಗನ ಜೊತೆ ಮಾತಾಡಬೇಕಾದವರು ಅವರು, ಅದೂ ಯೂನಿಫಾರ್ಮ್ ಹಾಕದೆ. ಲಾಕಪ್‌ಗೆ ಹಾಕುವಂತಿಲ್ಲ, ಕೋಳ ತೊಡಿಸುವಂತಿಲ್ಲ. ವಶಕ್ಕೆ ಪಡೆದರೆ ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಬಾಲನ್ಯಾಯ ಮಂಡಳಿ ಮುಂದೆ ಹಾಜರುಪಡಿಸಬೇಕು.

ಇಲ್ಲಿ ಅನೇಕ ಅಂಗಡಿಯವರಿಗೆ ಸಿಟ್ಟು ಬರುವ ಒಂದು ವಿಷಯ ಇದೆ. 'ಎಫ್‌ಐಆರ್ ಹಾಕ್ಲೇ ಇಲ್ಲ, ಪೊಲೀಸರು ಕೇಸ್ ಮುಚ್ಚಿಹಾಕಿದ್ರು' ಅನ್ನೋ ದೂರು. ಕೇಂದ್ರದ 2016ರ ಮಾದರಿ ನಿಯಮಗಳ ಪ್ರಕಾರ ಘೋರ ಅಪರಾಧ ಅಲ್ಲದಿದ್ದರೆ, ಜೊತೆಗೆ ವಯಸ್ಕರು ಇಲ್ಲದಿದ್ದರೆ ಮಗುವಿನ ಮೇಲೆ ಎಫ್‌ಐಆರ್ ದಾಖಲಿಸುವುದಿಲ್ಲ. ಬದಲಿಗೆ ಠಾಣೆಯ ದಿನಚರಿಯಲ್ಲಿ ವಿಷಯ ದಾಖಲಿಸಿ, ಹುಡುಗನ ಹಿನ್ನೆಲೆಯ ವರದಿ ಸಿದ್ಧಪಡಿಸಿ ಮಂಡಳಿಗೆ ಕಳಿಸಬೇಕು. ಅಂದರೆ ಎಫ್‌ಐಆರ್ ಇಲ್ಲ ಅಂದ ಮಾತ್ರಕ್ಕೆ ವಿಷಯ ಮುಗಿದಿಲ್ಲ. ದೂರು ಕೊಟ್ಟವರು 'ಮಂಡಳಿಗೆ ಕಳಿಸಿದ್ದೀರಾ ಸಾರ್?' ಅಂತ ಕೇಳಬಹುದು, ಕೇಳಬೇಕು. ದಿನಚರಿಗೂ ಹಾಕದೆ, ಮಂಡಳಿಗೂ ಕಳಿಸದೆ, ಠಾಣೆಯಲ್ಲೇ ನಾಲ್ಕೇಟು ಕೊಟ್ಟು ಬಿಟ್ಟರೆ ಅದು ನಿಯಮದ ಪ್ರಕಾರ ನಡೆದ ಕೆಲಸ ಅಲ್ಲ. ಹುಡುಗನಿಗೂ ಅದರಿಂದ ಪ್ರಯೋಜನ ಇಲ್ಲ, ಅಂಗಡಿಯವರಿಗೂ ಇಲ್ಲ.

ಮಂಡಳಿ ಅಂದ್ರೆ ಕೋರ್ಟೇ ಅಲ್ವಾ?

ಪೂರ್ತಿ ಕೋರ್ಟ್ ಅಲ್ಲ. ಒಬ್ಬರು ನ್ಯಾಯಾಧೀಶರು, ಜೊತೆಗೆ ಇಬ್ಬರು ಸಮಾಜ ಕಾರ್ಯಕರ್ತ ಸದಸ್ಯರು. ಆ ಇಬ್ಬರಲ್ಲಿ ಒಬ್ಬರಾದರೂ ಮಹಿಳೆ ಇರಲೇಬೇಕು. ಕಟಕಟೆ ಇರುವುದಿಲ್ಲ. ಮಗು ಹೆದರದೆ ಮಾತಾಡುವ ವಾತಾವರಣ ಇರಬೇಕು ಅನ್ನುವುದು ಕಾಯ್ದೆಯ ಆಶಯ. ವಕೀಲರನ್ನು ಇಡಲು ಶಕ್ತಿ ಇಲ್ಲದ ಮನೆಯವರಿಗೆ ಕಾನೂನು ಸೇವಾ ಪ್ರಾಧಿಕಾರದ ಮೂಲಕ ಉಚಿತ ವಕೀಲರು ಸಿಗುತ್ತಾರೆ.

ಮಂಡಳಿಗೆ ಅತಿ ಮುಖ್ಯವಾದ ಕಾಗದ ಅಂದರೆ ಪರಿವೀಕ್ಷಣಾಧಿಕಾರಿ ಕೊಡುವ ಸಾಮಾಜಿಕ ತನಿಖಾ ವರದಿ. ಎರಡು ವಾರದೊಳಗೆ ಇದು ಸಲ್ಲಿಕೆಯಾಗಬೇಕು. ಅಧಿಕಾರಿ ಮನೆಗೆ ಹೋಗುತ್ತಾರೆ, ಶಾಲೆಯಲ್ಲಿ ವಿಚಾರಿಸುತ್ತಾರೆ, ಅಕ್ಕಪಕ್ಕದವರನ್ನು ಮಾತಾಡಿಸುತ್ತಾರೆ. ಹುಡುಗ ಶಾಲೆ ಬಿಟ್ಟಿದ್ದು ಯಾವಾಗ, ಅಪ್ಪ ಕುಡಿದು ಬಂದು ಹೊಡೀತಾರಾ, ಯಾರ ಜೊತೆ ಓಡಾಡ್ತಾನೆ, ಏನಾದರೂ ಚಟ ಇದೆಯಾ, ಕದ್ದ ದುಡ್ಡು ಯಾರ ಕೈಗೆ ಹೋಗುತ್ತಿತ್ತು ಅನ್ನೋದೆಲ್ಲ ಅದರಲ್ಲಿ ಬರುತ್ತದೆ.

ಈ ವರದಿ ಯಾಕೆ ಮುಖ್ಯ ಅಂದ್ರೆ, ಒಂದೇ ತರಹದ ಕಳ್ಳತನದ ಹಿಂದೆ ಬೇರೆ ಬೇರೆ ಕಾರಣ ಇರುತ್ತದೆ. ಒಬ್ಬ ಗೆಳೆಯರ ಮುಂದೆ ಧೈರ್ಯ ತೋರಿಸೋಕೆ ಕದ್ದಿರುತ್ತಾನೆ. ಇನ್ನೊಬ್ಬ ಸೊಲ್ಯೂಷನ್ ಮೂಸುವ ಚಟಕ್ಕೆ. ಮತ್ತೊಬ್ಬನನ್ನು ದೊಡ್ಡವರು ಯಾರೋ ಕಳಿಸಿರುತ್ತಾರೆ. ಮೂವರಿಗೂ ಒಂದೇ ಮದ್ದು ಕೊಟ್ಟರೆ ಇಬ್ಬರಿಗೆ ಹತ್ತುವುದಿಲ್ಲ.

'ಹಾಗಾದ್ರೆ ಶಿಕ್ಷೆನೇ ಇಲ್ವಾ?'

ಇದೆ, ಆದರೆ ಬೇರೆ ರೀತಿಯದು. ತಪ್ಪು ಮಾಡಿದ್ದಾನೆ ಅಂತ ಸಾಬೀತಾದರೆ ಮಂಡಳಿ 18ನೇ ಕಲಂ ಪ್ರಕಾರ ಇವುಗಳಲ್ಲಿ ಯಾವುದನ್ನಾದರೂ ಆದೇಶಿಸಬಹುದು:

• ಬುದ್ಧಿ ಹೇಳಿ, ಎಚ್ಚರಿಕೆ ಕೊಟ್ಟು, ಹೆತ್ತವರಿಗೂ ಆಪ್ತ ಸಮಾಲೋಚನೆ ಮಾಡಿಸಿ ಮನೆಗೆ ಕಳಿಸುವುದು
• ಗುಂಪು ಸಮಾಲೋಚನೆಯಲ್ಲಿ ಭಾಗವಹಿಸುವಂತೆ ಹೇಳುವುದು
• ಸಮುದಾಯ ಸೇವೆ ಮಾಡಿಸುವುದು
• ಹುಡುಗನಿಗೆ ಅಥವಾ ಹೆತ್ತವರಿಗೆ ದಂಡ ಹಾಕುವುದು
• ಸನ್ನಡತೆಯ ಷರತ್ತಿನ ಮೇಲೆ, ಮೂರು ವರ್ಷ ಮೀರದಂತೆ ನಿಗಾದಲ್ಲಿ ಬಿಡುವುದು
• ಮೂರು ವರ್ಷ ಮೀರದಂತೆ ವಿಶೇಷ ಗೃಹಕ್ಕೆ ಕಳಿಸುವುದು

ಇದರ ಜೊತೆಗೆ 'ಶಾಲೆಗೆ ಹೋಗಲೇಬೇಕು', 'ಕಸುಬು ಕಲಿಯಬೇಕು', 'ಇಂಥ ಜಾಗಕ್ಕೆ ಕಾಲಿಡಬಾರದು', 'ವ್ಯಸನಮುಕ್ತಿ ಚಿಕಿತ್ಸೆ ಪಡೆಯಬೇಕು' ಅಂತ ಹೆಚ್ಚುವರಿ ಷರತ್ತು ಹಾಕಬಹುದು.

ಸಂಸ್ಥೆಗೆ ಕಳಿಸುವುದು ಕೊನೆಯ ದಾರಿ ಅಂತ ಕಾಯ್ದೆಯೇ ಹೇಳುತ್ತದೆ. ಜಾಮೀನು ಸಿಗುವುದೇ ಸಾಮಾನ್ಯ ನಿಯಮ. ಬಿಟ್ಟರೆ ಕೆಟ್ಟವರ ಸಹವಾಸಕ್ಕೆ ಬೀಳುತ್ತಾನೆ, ಅವನಿಗೇ ಅಪಾಯವಿದೆ, ಅಥವಾ ನ್ಯಾಯದ ಉದ್ದೇಶವೇ ಸೋಲುತ್ತದೆ ಅನ್ನಿಸಿದರೆ ಮಾತ್ರ ವಿಚಾರಣೆ ಮುಗಿಯುವವರೆಗೆ ವೀಕ್ಷಣಾಲಯದಲ್ಲಿ ಇರಿಸುತ್ತಾರೆ. ಜನ ರೂಢಿಯಲ್ಲಿ ಎಲ್ಲದಕ್ಕೂ 'ರಿಮ್ಯಾಂಡ್ ಹೋಮ್' ಅನ್ನುತ್ತಾರೆ. ವಿಚಾರಣೆ ನಡೆಯುವಾಗ ಇರುವುದು ವೀಕ್ಷಣಾಲಯ, ಆದೇಶದ ನಂತರ ಇರುವುದು ವಿಶೇಷ ಗೃಹ. ಹುಡುಗಿಯರಿಗೆ ಪ್ರತ್ಯೇಕ ವ್ಯವಸ್ಥೆ ಇರಬೇಕು.

16ರಿಂದ 18 ವರ್ಷದವರು ಘೋರ ಅಪರಾಧ ಮಾಡಿದ್ದರೆ, ಅಂದರೆ ಕನಿಷ್ಠ 7 ವರ್ಷ ಅಥವಾ ಹೆಚ್ಚು ಶಿಕ್ಷೆ ಇರುವ ಅಪರಾಧವಾಗಿದ್ದರೆ, ದಾರಿ ಬೇರೆ. ಮಂಡಳಿ ಮೂರು ತಿಂಗಳೊಳಗೆ ಪ್ರಾಥಮಿಕ ಮೌಲ್ಯಮಾಪನ ಮಾಡಿ, ವಯಸ್ಕರಂತೆ ವಿಚಾರಣೆ ನಡೆಸಬೇಕು ಅನ್ನಿಸಿದರೆ ಮಕ್ಕಳ ನ್ಯಾಯಾಲಯಕ್ಕೆ ಕಳಿಸಬಹುದು. 2012ರ ದೆಹಲಿ ಪ್ರಕರಣದ ನಂತರ ಎದ್ದ ಚರ್ಚೆಯಿಂದ ಬಂದ ಬದಲಾವಣೆ ಇದು. ಗಲ್ಲಾಪೆಟ್ಟಿಗೆಯ ಹುಡುಗ ಈ ಪಟ್ಟಿಗೆ ಸೇರುವುದಿಲ್ಲ.

ಎದುರುತ್ತರ ಕೊಡೋ ಹುಡುಗ ಯಾಕೆ ಹಾಗೆ?

ಊರಲ್ಲಿ ಎಲ್ಲರಿಗೂ ಹೆಚ್ಚು ಸಿಟ್ಟು ತರಿಸುವುದು ಕಳ್ಳತನಕ್ಕಿಂತ ಆ ಧಿಮಾಕು. ಆದರೆ ಆ ವಯಸ್ಸಿನ ಧಿಮಾಕು ಬಹುಪಾಲು ನೋಡುವವರ ಕಣ್ಣಿಗಾಗಿ ಇರುವಂಥದ್ದು. ಅಮೆರಿಕದ ಮನಃಶಾಸ್ತ್ರಜ್ಞ ಲಾರೆನ್ಸ್ ಸ್ಟೈನ್‌ಬರ್ಗ್ ಮತ್ತು ಮಾರ್ಗೋ ಗಾರ್ಡ್ನರ್ 2005ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಹದಿಹರೆಯದವರಿಗೂ ದೊಡ್ಡವರಿಗೂ ವಾಹನ ಓಡಿಸುವ ಕಂಪ್ಯೂಟರ್ ಆಟ ಕೊಟ್ಟಿದ್ದರು. ಪಕ್ಕದಲ್ಲಿ ಗೆಳೆಯರು ಇದ್ದಾಗ ಹದಿಹರೆಯದವರು ಒಬ್ಬರೇ ಇದ್ದಾಗಿನದಕ್ಕಿಂತ ಬಹಳ ಹೆಚ್ಚು ಅಪಾಯಕ್ಕೆ ಕೈಹಾಕಿದರು. ದೊಡ್ಡವರಲ್ಲಿ ಆ ವ್ಯತ್ಯಾಸ ಕಾಣಲಿಲ್ಲ.

ಇದನ್ನು ಪೇಟೆ ಬೀದಿಗೆ ತಂದು ನೋಡಬಹುದು. ನೂರು ಜನರ ಮುಂದೆ ಕಂಬಕ್ಕೆ ಕಟ್ಟಿದ ಹುಡುಗನಿಗೆ ತಲೆ ತಗ್ಗಿಸಲು ಜಾಗವೇ ಇರುವುದಿಲ್ಲ. ಅವನಿಗೆ ಉಳಿಯುವುದು ಒಂದೇ ದಾರಿ: ಇನ್ನಷ್ಟು ಸೆಟೆದು ನಿಲ್ಲುವುದು. ಅದೇ ಹುಡುಗ ಒಬ್ಬನೇ ಕೂತು, ಗದರದೆ ಪ್ರಶ್ನೆ ಕೇಳುವ ಒಬ್ಬರ ಮುಂದೆ ಹತ್ತು ನಿಮಿಷದಲ್ಲಿ ಅಳೋಕೆ ಶುರುಮಾಡಬಹುದು.

ಇನ್ನೊಂದು ಸಮಾಧಾನದ ಮಾತು. ಮನಃಶಾಸ್ತ್ರಜ್ಞೆ ಟೆರ್ರಿ ಮೊಫಿಟ್ 1993ರಲ್ಲಿ ವಿವರಿಸಿದಂತೆ, ಹದಿಹರೆಯದಲ್ಲಿ ಅಡ್ಡದಾರಿ ಹಿಡಿದವರಲ್ಲಿ ಹೆಚ್ಚಿನವರ ಆಟ ಆ ವಯಸ್ಸಿನ ಜೊತೆಗೇ ಮುಗಿಯುತ್ತದೆ. ಕೆಲಸ, ಸಂಸಾರ, ಜವಾಬ್ದಾರಿ ಬಂದಂತೆ ಬಿಟ್ಟುಬಿಡುತ್ತಾರೆ. ಚಿಕ್ಕಂದಿನಿಂದ ದೊಡ್ಡವರಾಗುವವರೆಗೂ ಮುಂದುವರಿಸುವವರು ಸಣ್ಣ ಗುಂಪು. ಹಾಗಾಗಿ ಸಂಸ್ಥೆಯ ಮೊದಲ ಕರ್ತವ್ಯವೇ, ತಾನಾಗಿ ಬಿಡಬಹುದಾಗಿದ್ದವನು ಬಿಡದೇ ಇರುವ ಹಾಗೆ ಮಾಡದಿರುವುದು. ಶಾಲೆ ತಪ್ಪಿಸುವುದು, ಹಣೆಗೆ 'ಕಳ್ಳ' ಅಂತ ಪಟ್ಟಿ ಹಚ್ಚುವುದು, ಪಳಗಿದವರ ಜೊತೆ ಸೇರಿಸುವುದು ಇವೆಲ್ಲ ಬಿಡುವ ದಾರಿಯನ್ನೇ ಮುಚ್ಚುತ್ತವೆ.

ಚೆನ್ನಾಗಿ ಹೆದರಿಸಿದ್ರೆ ಸಾಕಲ್ವಾ?

ಇದನ್ನು ಅಮೆರಿಕದಲ್ಲಿ ಮಾಡಿ ನೋಡಿದ್ದಾರೆ. 1970ರ ದಶಕದಲ್ಲಿ ನ್ಯೂಜೆರ್ಸಿಯ ರಾಹ್‌ವೇ ಜೈಲಿಗೆ ಪುಂಡ ಹುಡುಗರನ್ನು ಕರೆದೊಯ್ದು, ಜೀವಾವಧಿ ಕೈದಿಗಳಿಂದ ಬೈಯಿಸಿ, ಜೈಲಿನ ನರಕ ಹೇಗಿರುತ್ತೆ ಅಂತ ತೋರಿಸಿ ಹೆದರಿಸುವ ಕಾರ್ಯಕ್ರಮ ಶುರುವಾಯ್ತು. 'ಸ್ಕೇರ್ಡ್ ಸ್ಟ್ರೇಟ್' ಅನ್ನೋ ಹೆಸರಲ್ಲಿ 1978ರಲ್ಲಿ ಬಂದ ಸಾಕ್ಷ್ಯಚಿತ್ರಕ್ಕೆ ಆಸ್ಕರ್ ಸಿಕ್ಕಿತು. ಜನ ಮೆಚ್ಚಿದರು, ಬೇರೆ ಊರುಗಳೂ ನಕಲು ಮಾಡಿದವು.

ಆಮೇಲೆ ಸಂಶೋಧಕರು ಲೆಕ್ಕ ಹಾಕಿದರು. ಆಂಥನಿ ಪೆಟ್ರೊಸಿನೊ ಮತ್ತು ಸಂಗಡಿಗರು ಇಂಥ ಒಂಬತ್ತು ಪ್ರಯೋಗಗಳನ್ನು ಒಟ್ಟಿಗೆ ಪರಿಶೀಲಿಸಿದಾಗ ಸಿಕ್ಕ ಉತ್ತರ ತಲೆಕೆಳಗಾಗಿತ್ತು. ಜೈಲು ನೋಡಿ ಬಂದ ಹುಡುಗರೇ, ನೋಡದೇ ಇದ್ದ ಅಂಥದ್ದೇ ಹುಡುಗರಿಗಿಂತ ಹೆಚ್ಚು ಅಪರಾಧ ಮಾಡಿದ್ದರು. ಏನೂ ಮಾಡದೆ ಸುಮ್ಮನಿದ್ದಿದ್ದರೂ ಅದಕ್ಕಿಂತ ಒಳ್ಳೆಯದಿತ್ತು.

2009ರಲ್ಲಿ ಮಾರ್ಕ್ ಲಿಪ್ಸಿ ಎಂಬ ಸಂಶೋಧಕರು 548 ಅಧ್ಯಯನ ಗುಂಪುಗಳ ಫಲಿತಾಂಶವನ್ನು ಒಟ್ಟುಗೂಡಿಸಿ ನೋಡಿದರು. ಮಿಲಿಟರಿ ಶಿಸ್ತು, ಹೆದರಿಕೆ ಇವುಗಳನ್ನೇ ನಂಬಿದ ಕಾರ್ಯಕ್ರಮಗಳು ಕೈಕೊಟ್ಟಿದ್ದವು. ಸಮಾಲೋಚನೆ, ಕೌಶಲ ಕಲಿಕೆ, ಸಿಟ್ಟು ಹಿಡಿತಕ್ಕೆ ತರುವ ತರಬೇತಿ ಇವು ಕೆಲಸ ಮಾಡಿದ್ದವು. ಅದಕ್ಕಿಂತ ಮುಖ್ಯ, ಯಾವುದೇ ಕಾರ್ಯಕ್ರಮ ಇರಲಿ, ಅದನ್ನು ನೆಟ್ಟಗೆ ನಡೆಸಿದ್ದಾರಾ ಇಲ್ವಾ ಅನ್ನೋದರ ಮೇಲೆ ಫಲ ನಿಂತಿತ್ತು.

ಗೋಡೆಯೊಳಗೆ ಹುಡುಗ ಬದಲಾಗೋದು ಹೇಗೆ?

ಹುಡುಗರನ್ನು ದೊಡ್ಡ ಕೈದಿಗಳಿಂದ ಬೇರೆ ಇಡಬೇಕು ಅನ್ನೋ ಯೋಚನೆ ಹಳೆಯದು. ಇಂಗ್ಲೆಂಡಿನ ಕೆಂಟ್ ಪ್ರಾಂತ್ಯದ ಬೋರ್‌ಸ್ಟಲ್ ಎಂಬ ಹಳ್ಳಿಯಲ್ಲಿ 1902ರ ಹೊತ್ತಿಗೆ ಇಂಥ ಸಂಸ್ಥೆ ಶುರುವಾಯ್ತು. ಆ ಹಳ್ಳಿಯ ಹೆಸರೇ ಈ ಮಾದರಿಗೆ ನಿಂತಿತು. ಮುಂಬೈ ಪ್ರಾಂತ್ಯದ ಕಾಲದಲ್ಲಿ ಧಾರವಾಡದಲ್ಲೂ ಬೋರ್‌ಸ್ಟಲ್ ಶಾಲೆ ಇತ್ತು. ದುಡಿಮೆ, ಕಸುಬು, ಶಿಸ್ತು ಅದರ ತಳಹದಿ. ಆದರೆ ನೂರಾರು ಹುಡುಗರನ್ನು ಒಂದೇ ಆವರಣದಲ್ಲಿಟ್ಟು ಶಿಳ್ಳೆ ಊದಿ ಸಾಲು ನಿಲ್ಲಿಸುವ ದೊಡ್ಡ ಸಂಸ್ಥೆಗಳು ಕ್ರಮೇಣ ಜೈಲಿನ ನಕಲಾಗುತ್ತವೆ ಅನ್ನೋದು ಅನೇಕ ಕಡೆ ಸಾಬೀತಾಯ್ತು. ಬ್ರಿಟನ್ನಿನಲ್ಲೇ 1982ರ ಕಾನೂನಿನ ಮೂಲಕ ಬೋರ್‌ಸ್ಟಲ್ ಪದ್ಧತಿ ರದ್ದಾಯಿತು.

ಅಮೆರಿಕದ ಮಿಸೌರಿ ರಾಜ್ಯ ಇನ್ನೊಂದು ದಾರಿ ಹಿಡಿಯಿತು. ಬೂನ್‌ವಿಲ್‌ನಲ್ಲಿದ್ದ ದೊಡ್ಡ ಸುಧಾರಣಾ ಶಾಲೆಯನ್ನು 1983ರಲ್ಲಿ ಮುಚ್ಚಿ, ಮನೆಗೆ ಹತ್ತಿರದ ಸಣ್ಣ ಸಣ್ಣ ಕೇಂದ್ರಗಳಿಗೆ ಹುಡುಗರನ್ನು ಕಳಿಸಿತು. ಹತ್ತು, ಹನ್ನೆರಡು ಜನರ ಗುಂಪು. ಯಾವಾಗಲೂ ಜೊತೆಯಲ್ಲಿರುವ ತರಬೇತಾದ ಸಿಬ್ಬಂದಿ. ಗುಂಪಿನಲ್ಲಿ ಒಬ್ಬ ಜಗಳ ಮಾಡಿದರೆ ಎಲ್ಲರೂ ಕೂತು ಮಾತಾಡಿಯೇ ಬಗೆಹರಿಸಬೇಕು. ಮನೆಯವರು ಬಂದು ಹೋಗುವುದಕ್ಕೂ ಹತ್ತಿರ. ಆಮೇಲೆ ಬೇರೆ ರಾಜ್ಯಗಳೂ ಅದನ್ನು ನೋಡಿ ಕಲಿತವು.

ಭಾರತದ ಕಾಯ್ದೆಯಲ್ಲೂ ಈ ಯೋಚನೆ ಇದೆ. ವಯಸ್ಸು, ಅಪರಾಧದ ಸ್ವರೂಪ ನೋಡಿ ಮಕ್ಕಳನ್ನು ಬೇರೆ ಬೇರೆ ಇಡಬೇಕು. ಪ್ರತಿ ಮಗುವಿಗೂ 'ವೈಯಕ್ತಿಕ ಪಾಲನಾ ಯೋಜನೆ' ಬರೆಯಬೇಕು. ಇವನು ಎಸ್ಸೆಸ್ಸೆಲ್ಸಿ ಕಟ್ಟಬೇಕಾ, ವೆಲ್ಡಿಂಗ್ ಕಲಿಯಬೇಕಾ, ಮನೋವೈದ್ಯರನ್ನು ಕಾಣಬೇಕಾ, ಬಿಡುಗಡೆಯಾದ ಮೇಲೆ ಎಲ್ಲಿಗೆ ಹೋಗಬೇಕು ಅನ್ನೋದೆಲ್ಲ ಅದರಲ್ಲಿರಬೇಕು. ಸಂಸ್ಥೆಯೊಳಗೆ ಮಕ್ಕಳದ್ದೇ ಸಮಿತಿಗಳು ಇರಬೇಕು. ಊಟ ಸರಿಯಿಲ್ಲ, ಯಾರೋ ಹೊಡೆದರು ಅಂತ ಬರೆದು ಹಾಕಲು ಸಲಹಾ ಪೆಟ್ಟಿಗೆ ಇರಬೇಕು. ಮಂಡಳಿ ತಿಂಗಳಿಗೊಮ್ಮೆಯಾದರೂ ಬಂದು ತಪಾಸಣೆ ಮಾಡಬೇಕು. ಚೆನ್ನಾಗಿ ನಡೆದುಕೊಂಡವನನ್ನು ಪರಿವೀಕ್ಷಣಾಧಿಕಾರಿ ವರದಿ ನೋಡಿ ಅವಧಿಗೆ ಮುಂಚೆಯೇ ಬಿಡಬಹುದು. ಪರೀಕ್ಷೆ, ಮನೆಯಲ್ಲಿ ಮದುವೆ, ಸಾವು ಇಂಥ ಕಾರಣಕ್ಕೆ ರಜೆ ಮೇಲೆ ಕಳಿಸಬಹುದು.

ಹಠಮಾರಿ ಹುಡುಗನ ಮಟ್ಟಿಗೆ ಇದರ ಅರ್ಥ ದೊಡ್ಡದು. ಅವನು ಅಲ್ಲಿಯವರೆಗೂ ಕಂಡಿದ್ದು ಮೂಡ್ ನೋಡಿ ಹೊಡೆಯುವ, ಮೂಡ್ ನೋಡಿ ಮುದ್ದು ಮಾಡುವ ದೊಡ್ಡವರನ್ನು. ನಿಯಮ ಅಂದ್ರೆ ಬಲ ಇರೋರ ಇಷ್ಟ ಅಂತಲೇ ಅವನ ತಿಳುವಳಿಕೆ. ಎಲ್ಲರಿಗೂ ಒಂದೇ ನಿಯಮ, ಹೇಳಿದ್ದನ್ನು ಹೇಳಿದ ಹಾಗೆ ಮಾಡುವ ಸಿಬ್ಬಂದಿ, ತಾನು ದೂರು ಕೊಟ್ಟರೆ ಕೇಳುವವರು ಇದ್ದಾರೆ ಅನ್ನೋದು ಮೊದಲ ಸಲ ಕಂಡಾಗ ಎದುರಾಡುವ ಅಗತ್ಯ ಕಡಿಮೆಯಾಗುತ್ತದೆ. ಅದೇ ಸಂಸ್ಥೆಯೊಳಗೂ ಲಾಠಿ, ಬೈಗುಳ, ಬಲಾಢ್ಯ ಹುಡುಗರ ದರ್ಬಾರು ಇದ್ದರೆ ಅವನ ಹಳೆಯ ತಿಳುವಳಿಕೆಗೆ ಮುದ್ರೆ ಬಿದ್ದಂತೆ. ಸಂಸ್ಥೆಯ ಸಿಬ್ಬಂದಿ ಮಗುವನ್ನು ಹೊಡೆದರೆ ಅದೂ ಅಪರಾಧವೇ. 82ನೇ ಕಲಂ ಪ್ರಕಾರ ಮೊದಲ ಬಾರಿಗೆ ದಂಡ, ಮತ್ತೆ ಮಾಡಿದರೆ ಜೈಲೂ ಇದೆ.

ಎಲ್ಲಿ ಎಡವುತ್ತೆ?

ಕಾಗದದ ಮೇಲಿರುವುದೆಲ್ಲ ನೆಲದ ಮೇಲೆ ಇಲ್ಲ. 2018ರ ಫೆಬ್ರವರಿ 9ರಂದು ಸಂಪೂರ್ಣಾ ಬೆಹುರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿ ಹೇಳಿತು. ಮಂಡಳಿಗಳಲ್ಲಿ, ಆಯೋಗಗಳಲ್ಲಿ ಖಾಲಿ ಇರುವ ಹುದ್ದೆ ತುಂಬಿ, ಬಾಕಿ ಪ್ರಕರಣ ಬೇಗ ಮುಗಿಸಿ, ಹೈಕೋರ್ಟುಗಳೇ ಸ್ವಯಂಪ್ರೇರಿತವಾಗಿ ಮೇಲ್ವಿಚಾರಣೆ ಮಾಡಲಿ ಅಂತ ನಿರ್ದೇಶನ ಕೊಟ್ಟಿತು.

ವಿಳಂಬವೇ ಇಲ್ಲಿ ದೊಡ್ಡ ಶತ್ರು. ವಿಚಾರಣೆ ನಾಲ್ಕು ತಿಂಗಳಲ್ಲಿ ಮುಗಿಯಬೇಕು, ಹೆಚ್ಚೆಂದರೆ ಇನ್ನೆರಡು ತಿಂಗಳು ವಿಸ್ತರಿಸಬಹುದು. ಸಣ್ಣ ಅಪರಾಧದ ವಿಚಾರಣೆ ಅಷ್ಟರಲ್ಲೂ ಮುಗಿಯದಿದ್ದರೆ ಪ್ರಕರಣವೇ ಕೊನೆಯಾಗುತ್ತದೆ. ದೂರುದಾರರು, ಸಾಕ್ಷಿಗಳು 'ಅಂಗಡಿ ಬಿಟ್ಟು ಯಾರು ಹೋಗ್ತಾರೆ' ಅಂತ ಹೋಗದೇ ಇದ್ದರೂ ಇದೇ ಗತಿ. ಹುಡುಗ ಆಗ ಕಲಿಯುವ ಪಾಠ ಒಂದೇ: ಕಾದರೆ ಸಾಕು, ಎಲ್ಲಾ ತಾನಾಗಿ ಮುಗಿಯುತ್ತೆ.

ವಾಪಸ್ ಬಂದ್ಮೇಲೆ: ಊರಿನ ಪಾಲು

ಇನ್ನು ಉಳಿಯುವುದು ಎಲ್ಲಕ್ಕಿಂತ ಕಷ್ಟದ ಭಾಗ. ವಿಶೇಷ ಗೃಹದಲ್ಲಿ ಆರು ತಿಂಗಳು ಚೆನ್ನಾಗಿದ್ದ ಹುಡುಗ ವಾಪಸ್ ಬರುವುದು ಅದೇ ಓಣಿಗೆ, ಅದೇ ಗೆಳೆಯರ ಕಟ್ಟೆಗೆ. ಶಾಲೆಯವರು 'ಟಿಸಿ ತಗೊಂಡು ಹೋಗಿ' ಅಂದರೆ, ಅಂಗಡಿಯವರು 'ಇವ್ನು ಅವ್ನೇ ಅಲ್ವಾ' ಅಂತ ದೂರ ಅಟ್ಟಿದರೆ, ಅವನನ್ನು ಕೈಬೀಸಿ ಕರೆಯುವವರು ಹಳೆಯ ಗುಂಪಿನವರು ಮಾತ್ರ.

ಕಾನೂನು ಇಲ್ಲಿ ಹೊಸ ಪುಟ ಕೊಡುತ್ತದೆ. 24ನೇ ಕಲಂ ಪ್ರಕಾರ ಈ ಪ್ರಕರಣದಿಂದ ಮಗುವಿಗೆ ಮುಂದೆ ಯಾವ ಅನರ್ಹತೆಯೂ ಅಂಟಿಕೊಳ್ಳುವುದಿಲ್ಲ. ವಯಸ್ಕರಂತೆ ವಿಚಾರಣೆ ನಡೆದ ಪ್ರಕರಣಗಳಿಗೆ ಈ ರಿಯಾಯಿತಿ ಇಲ್ಲ. ಉಳಿದವರ ದಾಖಲೆಗಳನ್ನು ಮೇಲ್ಮನವಿ ಅವಧಿ ಮುಗಿದ ಮೇಲೆ ನಾಶಪಡಿಸಬೇಕು. ಸರ್ಕಾರಿ ಕಡತದಿಂದ ಹೆಸರು ಹೋಗುತ್ತದೆ. ಆದರೆ ವಾಟ್ಸಾಪ್ ಗ್ರೂಪಿನಲ್ಲಿ ಹರಿದ ವಿಡಿಯೋವನ್ನು ಯಾರೂ ಅಳಿಸಲು ಆಗುವುದಿಲ್ಲ. ಗುರುತು ಬಯಲು ಮಾಡಬಾರದು ಅನ್ನೋ ನಿಯಮದ ಬೆಲೆ ಗೊತ್ತಾಗುವುದು ಇಲ್ಲೇ.

ಕೆಲಸ ಕೊಡಬಹುದಾ ಅಂತ ಕೇಳುವ ಅಂಗಡಿಯವರೂ ಇದ್ದಾರೆ. 14 ತುಂಬದವರನ್ನು ಕೆಲಸಕ್ಕೆ ಇಟ್ಟುಕೊಳ್ಳುವಂತಿಲ್ಲ. 14ರಿಂದ 18ರ ನಡುವಿನವರನ್ನು ಅಪಾಯಕಾರಿಯಲ್ಲದ ಕೆಲಸಕ್ಕೆ ಇಟ್ಟುಕೊಳ್ಳಬಹುದು. ಆದರೆ ವಿರಾಮವೂ ಸೇರಿ ದಿನಕ್ಕೆ ಆರು ಗಂಟೆ ಮೀರಬಾರದು, ಸಂಜೆ 7ರಿಂದ ಬೆಳಿಗ್ಗೆ 8ರವರೆಗೆ ದುಡಿಸಬಾರದು, ವಾರಕ್ಕೊಂದು ರಜೆ ಕೊಡಬೇಕು. 'ಅನ್ನ ಹಾಕ್ತೀವಲ್ಲ' ಅಂತ ಕೂಲಿ ಹಿಡಿದಿಟ್ಟುಕೊಂಡರೆ ಅದೂ ಬಾಲನ್ಯಾಯ ಕಾಯ್ದೆಯಡಿ ಅಪರಾಧ. ಕೆಲಸಕ್ಕಿಂತ ಓದು ಮುಂದುವರಿಸುವ ಮನಸ್ಸಿದ್ದರೆ ಅದೇ ಒಳ್ಳೆಯದು. ಸಂಸ್ಥೆಯಲ್ಲಿದ್ದು 18 ತುಂಬಿ ಹೊರಬಂದವರಿಗೆ 21ರವರೆಗೆ ಅನುಪಾಲನೆಯ ನೆರವು ಸಿಗುವ ಅವಕಾಶವೂ ಇದೆ. ವಿವರ ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಸಿಗುತ್ತದೆ.

ಅಂಗಡಿ ಬೀದಿಯಲ್ಲೇ ತಡೆಯಬಹುದಾದ ಕೆಲಸ ಇನ್ನೂ ಎರಡಿವೆ. ಒಂದು, 18ರ ಒಳಗಿನವರಿಗೆ ಬೀಡಿ, ಸಿಗರೇಟ್, ಗುಟ್ಕಾ, ಮದ್ಯ ಕೊಡುವುದು. 77ನೇ ಕಲಂ ಇದಕ್ಕೆ 7 ವರ್ಷದವರೆಗೆ ಕಠಿಣ ಜೈಲು, 1 ಲಕ್ಷದವರೆಗೆ ದಂಡ ಇಟ್ಟಿದೆ. 'ಅವರಪ್ಪನಿಗೆ ಅಂದ, ಕೊಟ್ಟೆ' ಅನ್ನೋ ಸಬೂಬು ಅಪಾಯದ್ದು. ಎರಡು, ಹುಡುಗರನ್ನು ಮುಂದೆ ಬಿಟ್ಟು ಹಿಂದೆ ನಿಲ್ಲುವ ದೊಡ್ಡವರು. ಅಕ್ರಮ ಕೆಲಸಕ್ಕೆ ಮಕ್ಕಳನ್ನು ಬಳಸುವವರಿಗೆ 83ನೇ ಕಲಂ ಪ್ರಕಾರ 7 ವರ್ಷದವರೆಗೆ ಕಠಿಣ ಜೈಲು, 5 ಲಕ್ಷದವರೆಗೆ ದಂಡ ಇದೆ. ತಾಮ್ರದ ವೈರು, ಮೋಟಾರು ಬಿಡಿಭಾಗ ತಂದ ಹುಡುಗನನ್ನು 'ಎಲ್ಲಿಂದ ತಂದ್ಯೋ' ಅಂತ ಕೇಳದೆ ತೂಕಕ್ಕೆ ಹಾಕಿಕೊಳ್ಳುವ ಗುಜರಿ ಅಂಗಡಿ ಇರುವಷ್ಟು ದಿನ ಯಾವ ವಿಶೇಷ ಗೃಹವೂ ಪೂರ್ತಿ ಗೆಲ್ಲುವುದಿಲ್ಲ.

ನೆನಪಿಡಬೇಕಾದ್ದು

• ತುರ್ತು ಕರೆ: 112. ಮಕ್ಕಳ ಸಹಾಯವಾಣಿ: 1098
• ಹೊಡೆಯಬೇಡಿ, ಕಟ್ಟಿಹಾಕಬೇಡಿ, ವಿಡಿಯೋ ಹಂಚಬೇಡಿ
• ಠಾಣೆಯಲ್ಲಿ ಕೇಳಿ: ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ಯಾರು? ಮಂಡಳಿಗೆ ವರದಿ ಹೋಯ್ತಾ?
• ಮಂಡಳಿ ಕರೆದಾಗ ಹೋಗಿ ಹೇಳಿಕೆ ಕೊಡಿ
• ಹೆತ್ತವರು ಉಚಿತ ವಕೀಲರಿಗಾಗಿ ತಾಲೂಕು ಕಾನೂನು ಸೇವಾ ಸಮಿತಿಯನ್ನು ಸಂಪರ್ಕಿಸಬಹುದು

ಆ ಕಿರಾಣಿ ಅಂಗಡಿಯ ಹುಡುಗನಿಗೆ ಈಗ 16. ಇನ್ನು ಹತ್ತು ವರ್ಷಕ್ಕೆ ಅವನಿಗೆ 26. ಅವನು ಅದೇ ಬೀದಿಯಲ್ಲಿ ಇರುತ್ತಾನೆ: ಸಾಮಾನು ಕೊಳ್ಳುವ ಗಿರಾಕಿಯಾಗಿ, ಪಕ್ಕದಲ್ಲೇ ಗ್ಯಾರೇಜ್ ಇಟ್ಟವನಾಗಿ, ಇಲ್ಲವೇ ರಾತ್ರಿ ಶಟರ್ ಮುರಿಯುವವನಾಗಿ. ಮಂಡಳಿ, ವೀಕ್ಷಣಾಲಯ, ಪರಿವೀಕ್ಷಣಾಧಿಕಾರಿ ಅವನನ್ನು ಅರ್ಧ ದಾರಿಯವರೆಗೆ ಕರೆತರಬಹುದು. ಉಳಿದರ್ಧ ಸಾಗಬೇಕಿರುವುದು ಅವನು ಓಡಿಹೋಗಿದ್ದ ಅದೇ ಪೇಟೆ ಬೀದಿಯಲ್ಲಿ.